ದೀಪದ ಹೊತ್ತಿನ ಚಾರ್ಜು

ಪಶು ಆಸ್ಪತ್ರೆಯಲ್ಲಿ ನಾನು ಪರಿವೀಕ್ಷಕನಾಗಿದ್ದ ಇಪ್ಪತ್ತೆಂಟು ವರ್ಷವೂ ನನ್ನ ಹೆಗಲಿಗೆ ಒಂದು ಚರ್ಮದ ಚೀಲ ಜೋತುಬಿದ್ದಿತ್ತು. ಸಿರಿಂಜು, ಥರ್ಮಾಮೀಟರು, ಹೊಟ್ಟೆಯುಬ್ಬರದ ಔಷಧಿ, ಇಷ್ಟು ಅದರ ಸಂಸಾರ. ಹುದ್ದೆ ಪರಿವೀಕ್ಷಕನದಾದರೂ ಊರೂರಿನ ಜನ ತಾವೇ ಬಡ್ತಿ ಕೊಟ್ಟು ‘ಡಾಕ್ಟರ್ರ’ ಎಂದು ಕರೆದರು. ನಾನೂ ತಿದ್ದಲು ಹೋಗಲಿಲ್ಲ. ನಿವೃತ್ತಿಯಾದ ಮೇಲೆ ಆ ಚೀಲ ಅಣ್ಣಿಗೇರಿಯ ನಮ್ಮ ಮನೆಯ ಗೂಟಕ್ಕೆ ಬರಿಹೊಟ್ಟೆಯಲ್ಲಿ ನೇತಾಡುತ್ತಿತ್ತು. ಈಗೊಂದು ವರ್ಷದಿಂದ ಮತ್ತೆ ತುಂಬಿಕೊಂಡಿದೆ. ಮೊನ್ನೆ ನನ್ನ ಹೆಂಡತಿ ಶಾಂತಾ ಅದನ್ನು ಝಾಡಿಸಿದಾಗ ಉದುರಿದ್ದು ಇಷ್ಟು: ಇಟ್ಟಿಗೆಯಂಥ ಒಂದು ಚಾರ್ಜರು, ಒಂದು ಎಕ್ಸ್‌ಟೆನ್ಶನ್ ಬೋರ್ಡು, ದೊಡ್ಡ ಪಿನ್ನಿನದು, ಸಣ್ಣ ಪಿನ್ನಿನದು ಎಂದು ನಾಲ್ಕು ಪ್ಲಗ್ಗು, ಒಂದು ಟೆಸ್ಟರು, ಮತ್ತು ಯಾರದೋ ಮನೆಯವರು ಕಟ್ಟಿಕೊಟ್ಟ ಶೇಂಗಾ ಉಂಡಿಯ ಅರ್ಧ ಭಾಗ.

“ದನದ ಡಾಕ್ಟರ್ ಹೋಗಿ ಲೈನ್‌ಮನ್ ಆದ್ರಿ ನೋಡ್ರಿ,” ಎಂದಳು.

ಅವಳ ಮಾತು ಸುಳ್ಳಲ್ಲ. ನಾನು ಕರೆಂಟಿನ ಸ್ಕೂಟರ್ ಕೊಂಡಿದ್ದೇನೆ. ಕೊಂಡ ದಿನದಿಂದ ಮನುಷ್ಯ ಲೋಕವನ್ನು ನೋಡುವ ರೀತಿಯೇ ಬದಲಾಗುತ್ತದೆ. ಮೊದಲು ನಾನು ಊರುಗಳನ್ನು ದನಗಳಿಂದ ಗುರುತಿಸುತ್ತಿದ್ದೆ. ಒದೆಯುವ ಎಮ್ಮೆಯ ಮನೆ, ಅವಳಿ ಕರು ಹಾಕಿದ ಆಕಳ ಮನೆ, ಹೀಗೆ. ಈಗ ಯಾರ ಮನೆಗೆ ಹೋದರೂ ಕಣ್ಣು ಮೊದಲು ಗೋಡೆಯ ಕೆಳಭಾಗಕ್ಕೆ ಹೋಗುತ್ತದೆ. ಮೂರು ತೂತಿನ ದೊಡ್ಡ ಪ್ಲಗ್ಗು ಕಂಡರೆ ಮನಸ್ಸಿಗೆ ಸಮಾಧಾನ. ಮಾತುಕತೆ, ಯೋಗಕ್ಷೇಮ ಎಲ್ಲ ಆಮೇಲೆ.

ಹುಬ್ಬಳ್ಳಿಯ ಅಂಗಡಿಯವ ನನಗೆ ಹೇಳಿದ್ದು ನೂರಾ ಇಪ್ಪತ್ತು ಕಿಲೋಮೀಟರು. “ಸರ್, ಒಮ್ಮೆ ಚಾರ್ಜ್ ಮಾಡಿ ಬಿಡ್ರಿ, ಧಾರವಾಡ ಜಿಲ್ಲಾ ಎಲ್ಲಾ ತಿರುಗಿ ಬರ್ರಿ,” ಎಂದಿದ್ದ. ನಾನು ನಂಬಿದೆ. ಯಾರು ನಂಬಿದರೂ ನಾನು ನಂಬಬಾರದಿತ್ತು. ದನದ ಸಂತೆಯಲ್ಲಿ ಆಕಳು ಮಾರುವವ ಹೊತ್ತಿಗೆ ಎಂಟು ಲೀಟರ್ ಹಾಲು ಎಂದರೆ ಐದು ಎಂದು ತಿಳಿಯಬೇಕು; ಹಿಂದಿನ ಸಂಜೆ ಕರೆಯದೆ ಬಿಟ್ಟು, ಕೆಚ್ಚಲು ಉಬ್ಬಿಸಿಕೊಂಡು ಹೊಡೆದುಕೊಂಡು ಬಂದಿರುತ್ತಾನೆ. ಎಷ್ಟೋ ರೈತರನ್ನು ಬಾಜು ಕರೆದು ಕಿವಿಯಲ್ಲಿ ಈ ಗುಟ್ಟು ಹೇಳಿದವನು ನಾನೇ. ಅಂಥವನು ಅಂಗಡಿಯ ತಂಪಿನಲ್ಲಿ ಕುಳಿತು, ಕೊಟ್ಟ ಚಹಾ ಕುಡಿದು, ನೂರಾ ಇಪ್ಪತ್ತಕ್ಕೆ ತಲೆಯಾಡಿಸಿ ಬಂದೆ. ಸ್ಕೂಟರು ಕೊಟ್ಟದ್ದು ಎಂಬತ್ತೈದು. ಅದೂ ಗಾಳಿ ಸುಮ್ಮನಿದ್ದ ದಿನ.

ಗಾಳಿಯ ಮಾತು ಬಂತು, ಹೇಳಿಯೇ ಬಿಡುತ್ತೇನೆ. ನಮ್ಮ ಅಣ್ಣಿಗೇರಿ, ನವಲಗುಂದದ ಕಡೆ ಗಾಳಿಗೆ ಅಡ್ಡ ನಿಲ್ಲುವಂಥದ್ದು ಏನೂ ಇಲ್ಲ. ಕರಿಮಣ್ಣಿನ ಬಯಲು, ದೂರದಲ್ಲೊಂದು ಬನ್ನಿಮರ, ಮತ್ತೆ ಬಯಲು. ಆಷಾಢ ಹಿಡಿಯಿತೆಂದರೆ ಪಡುವಣದಿಂದ ಬೀಸುವ ಗಾಳಿ ಶ್ರಾವಣ ಕಳೆಯುವವರೆಗೆ ಬಿಡುವುದಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಇದ್ದಾಗ ಗಾಳಿ ಎಂದರೆ ಕಣ್ಣಿಗೆ ಧೂಳು, ಅಷ್ಟೇ. ಈಗ ಅದು ಮುಂದಿನಿಂದ ಬಂದರೆ ಮೀಟರಿನ ಅಂಕಿ ನೋಡನೋಡುತ್ತಿದ್ದಂತೆ ಇಳಿಯುತ್ತದೆ. ಹುಬ್ಬಳ್ಳಿಯ ದಿಕ್ಕಿಗೆ ಹೋಗುವಾಗ ಮೂವತ್ತೈದು ಕಿಲೋಮೀಟರಿಗೆ ಅರ್ಧ ಬ್ಯಾಟರಿ ಖಾಲಿ. ತಿರುಗಿ ಬರುವಾಗ ಅದೇ ಗಾಳಿ ಬೆನ್ನಿಗೆ ಕೈಕೊಟ್ಟು ತಂದು ಬಿಡುತ್ತದೆ. ಅರವತ್ತು ದಾಟಿದ ಮೇಲೆ ನಾನು ಗಾಳಿಯ ದಿಕ್ಕು ನೋಡಿ ಮನೆಬಿಡುವವನಾದೆ.

ಮೊದಲ ಪಾಠವಾದದ್ದು ಯಮನೂರಿನಲ್ಲಿ. ಶಾಂತಾಳ ಹರಕೆಯೊಂದು ದರ್ಗಾಕ್ಕೆ ಮುಟ್ಟಬೇಕಿತ್ತು. ಅವಳಿಗೆ ಮೊಣಕಾಲು ನೋವು, ಆದ್ದರಿಂದ ಸಕ್ಕರೆ, ಊದಿನಕಡ್ಡಿ ನನ್ನ ಕೈಯಲ್ಲಿ ಕಳಿಸಿದಳು. ಹಿಂದಿನ ರಾತ್ರಿ ಚಾರ್ಜಿಗೆ ಹಾಕಲು ಮರೆತದ್ದು ಹೋಗುವಾಗ ನೆನಪಾಗಲಿಲ್ಲ. ದರ್ಗಾದಿಂದ ಹೊರಗೆ ಬಂದು ಕೀಲಿ ತಿರುವಿದರೆ ಮೀಟರಿನಲ್ಲಿ ನೂರಕ್ಕೆ ಹದಿನೆಂಟು. ಮನೆ ಮೂವತ್ತೆರಡು ಕಿಲೋಮೀಟರು. ಏನು ಮಾಡಲಿ ಎಂದು ನಿಂತಾಗ ಹಿಟ್ಟಿನ ಗಿರಣಿಯ ಸಪ್ಪಳ ಕೇಳಿಸಿತು. ಗಿರಣಿ ಎಂದರೆ ಕರೆಂಟು! ಒಳಗೆ ಹೋದರೆ ಮೈತುಂಬ ಹಿಟ್ಟು ಮೆತ್ತಿಕೊಂಡ ಖಾದರಸಾಬರು. ಅವರ ಎಮ್ಮೆಗೆ ನಾನು ಎಷ್ಟೋ ಸಲ ಔಷಧಿ ಮಾಡಿದ್ದೆ.

“ಕರೆಂಟ್ ಏನ್ರಿ ಡಾಕ್ಟರ್ರ, ಗಿರಣೀನ ನಿಮ್ದು,” ಎಂದರು. “ಆದ್ರ ಒಂದ ಮಾತು. ಕುಂಡ್ರಬೇಕು ನೀವು. ಇಪ್ಪತ್ತ ವರ್ಷ ಆತು, ನಮ್ಮ ಮನಿಗೆ ಬಂದ್ರಿ, ಎಮ್ಮಿ ಮುಟ್ಟಿ ಹೋದ್ರಿ. ಒಮ್ಮೀನೂ ಕುಂತಿಲ್ಲ.”

ಎರಡೂವರೆ ತಾಸು ಕುಳಿತೆ. ಜೋಳ ಬೀಸಿಸಲು ಬಂದ ಹೆಂಗಸರು ನನ್ನನ್ನು ದಾಟಿಕೊಂಡು ಹೋದರು. ಖಾದರಸಾಬರ ಎಮ್ಮೆ ಎಷ್ಟು ಸೂಲು ಕಂಡಿದೆ, ಯಾವ ಸೂಲಿನಲ್ಲಿ ಈದ ಮೇಲೆ ಕಸ, ಅಂದರೆ ಮಾಸು, ಬೀಳದೆ ಕಷ್ಟವಾಯಿತು, ಎಲ್ಲ ನನಗೆ ಬಾಯಿಪಾಠವಾಗಿತ್ತು. ಅವರಿಗೆ ಮೂವರು ಹೆಣ್ಣುಮಕ್ಕಳು, ಅವರಲ್ಲೊಬ್ಬಳು ನವಲಗುಂದದಲ್ಲಿ ನರ್ಸು, ಅವರ ಹೆಂಡತಿ ಕೌದಿ ಹೊಲಿಯುವುದರಲ್ಲಿ ಗಟ್ಟಿಗಿತ್ತಿ ಎಂಬುದು ಆ ದಿನ ಗೊತ್ತಾಯಿತು. ಮನೆಗೆ ಬಂದಾಗ ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ಶಾಂತಾ ಬಾಗಿಲು ತೆಗೆದು ಒಂದು ಗಳಿಗೆ ಗುರುತು ಹಿಡಿಯಲಿಲ್ಲ.

ಕುಳಿತುಕೊಳ್ಳಲು ಬಾರದ ನನ್ನ ಈ ರೋಗವನ್ನು ಖಾದರಸಾಬರಿಗಿಂತ ಎಷ್ಟೋ ಮೊದಲು ಕಂಡುಹಿಡಿದವಳು ನನ್ನ ಅಕ್ಕ ಗಂಗವ್ವ. ಅವಳನ್ನು ಕೊಟ್ಟಿರುವುದು ಕಲಘಟಗಿ ಕಡೆಯ ದುಮ್ಮವಾಡಕ್ಕೆ, ಜಿಲ್ಲೆಯ ಆ ತುದಿಗೆ. ನಮಗಿಂತ ಅಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆ ಹೆಚ್ಚು, ಮಾತು ಕಡಿಮೆ. ಅಕ್ಕ ಮಾತ್ರ ಮಾತಿನವಳೇ. ಅವಳು ನನಗಿಂತ ಆರು ವರ್ಷಕ್ಕೆ ದೊಡ್ಡವಳು.

ಚಿಕ್ಕಂದಿನಲ್ಲಿ ನಮ್ಮ ಮನೆಯ ಚಾರ್ಜಿಂಗ್ ಖಾತೆ ಅವಳದೇ ಆಗಿತ್ತು. ನಗಬೇಡಿ. ಅಪ್ಪನ ಟಾರ್ಚಿನ ಸೆಲ್ಲು ಸತ್ತರೆ ಎಸೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಅಕ್ಕ ಅವನ್ನು ಮಾಳಿಗೆಯ ಮೇಲೆ, ಒಣಗಲು ಹಾಕಿದ ಶಾವಿಗೆಯ ಪಕ್ಕ, ಸಾಲಾಗಿ ಬಿಸಿಲಿಗೆ ಇಡುತ್ತಿದ್ದಳು. ಮಧ್ಯಾಹ್ನ ಒಮ್ಮೆ ಮಗ್ಗುಲು ಬದಲಿಸುತ್ತಿದ್ದಳು. ಅಷ್ಟಕ್ಕೂ ಜಗ್ಗದ ಸೆಲ್ಲನ್ನು ಹಲ್ಲಿನಿಂದ ಕಚ್ಚುತ್ತಿದ್ದಳು. ಕಚ್ಚಿದರೆ ಒಳಗಿನದು ಸಡಿಲಾಗುತ್ತದೆ ಎಂದು ಅವಳ ಶಾಸ್ತ್ರ. ನಮ್ಮ ಮನೆಯ ಪ್ರತಿ ಸೆಲ್ಲಿನ ಮೇಲೂ ಅಕ್ಕನ ಹಲ್ಲಿನ ಗುರುತು ಇರುತ್ತಿತ್ತು. ಟಾರ್ಚು ಮತ್ತೆ ಎರಡು ದಿನ ಮಿಣಿಮಿಣಿ ಉರಿಯುತ್ತಿತ್ತು. ಈಗ ಇದನ್ನು ಯಾರಿಗಾದರೂ ಹೇಳಿದರೆ, ಅದು ವಿಷ ಕಣ್ರೀ ಎನ್ನುತ್ತಾರೆ. ಅಕ್ಕನ ಹಲ್ಲು ಎಪ್ಪತ್ತರ ಹತ್ತಿರವೂ ಗಟ್ಟಿ ಇವೆ.

ಆ ಟಾರ್ಚಿನದೇ ಇನ್ನೊಂದು ನೆನಪು. ಒಂದು ಸಂಜೆ ಬಾಜು ಮನೆಯ ಮಲ್ಲವ್ವ ಓಡೋಡಿ ಬಂದಳು. ಅವಳ ಕರು ಹಗ್ಗ ಹರಿದುಕೊಂಡು ಹೋಗಿತ್ತು, ಹುಡುಕಲು ಟಾರ್ಚು ಬೇಕಿತ್ತು. ನಮ್ಮವ್ವ ಆಗಷ್ಟೇ ದೇವರ ಮುಂದೆ ದೀಪ ಹಚ್ಚಿದ್ದಳು. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮಲ್ಲಿ ಮನೆಯೊಳಗಿನದು ಏನನ್ನೂ ಹೊರಗೆ ಕೊಡುವುದಿಲ್ಲ. ಉಪ್ಪು, ಮೊಸರು, ಹಾಲು, ಕೊನೆಗೆ ಸೂಜಿಯೂ ಇಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿಗೆ ನಾವು ಹೊರಗೆ ಕಳಿಸುತ್ತ ಕೂರಬಾರದಲ್ಲ. ಹಾಗೆಂದು ಅವ್ವ ಮಲ್ಲವ್ವನನ್ನು ಬರಿಗೈಯಲ್ಲಿ ಕಳಿಸುವವಳೂ ಅಲ್ಲ. “ಗಂಗಾ, ಟಾರ್ಚ್ ನೀನ ಹಿಡ್ಕೊಂಡು ಆಕಿ ಕೂಡ ಹೋಗು. ಕೈಯಾಗ ಕೊಡಬ್ಯಾಡ,” ಎಂದಳು. ಮನೆಯವರ ಕೈಯಲ್ಲಿ ಹೋಗಿ ಮನೆಯವರ ಕೈಯಲ್ಲಿ ಬಂದರೆ ಕೊಟ್ಟಂತಾಗುವುದಿಲ್ಲ ಎಂಬುದು ಲೆಕ್ಕ. ಅಕ್ಕ ಹೋದಳು, ಕರುವೂ ಸಿಕ್ಕಿತು.

ಇಂಥ ಅಕ್ಕನ ಮನೆಗೆ ನಾನು ವರ್ಷಕ್ಕೊಮ್ಮೆಯಾದರೂ ತಪ್ಪದೆ ಹೋಗುತ್ತಿದ್ದೆ. ಹೋಗುತ್ತಿದ್ದೆ ಎನ್ನುವುದಕ್ಕಿಂತ, ಮುಟ್ಟಿ ಬರುತ್ತಿದ್ದೆ. ಅವ್ವ ಇದ್ದಾಗ ಪಂಚಮಿಗೆ ಅಕ್ಕ ತವರಿಗೆ ಬರುತ್ತಿದ್ದಳು, ವಾರ ಇರುತ್ತಿದ್ದಳು. ಅವ್ವ ಹೋದ ಮೇಲೆ ಉಂಡಿಯ ಡಬ್ಬಿ ಹೊತ್ತು ನಾನೇ ಅಲ್ಲಿಗೆ ಹೋಗುವ ರೂಢಿಯಾಯಿತು. ನನ್ನ ಮೋಟರ್ ಸೈಕಲ್ಲು ಅವಳ ಬಾಗಿಲ ಮುಂದೆ ನಿಲ್ಲುತ್ತಿತ್ತು, ಆದರೆ ಬಂದ್ ಆಗುತ್ತಿರಲಿಲ್ಲ. ಇಂಜಿನ್ ಗುಡುಗುಡು ಅನ್ನುತ್ತಿರುವಾಗಲೇ ಡಬ್ಬಿ ಕೊಟ್ಟು, ಮಾವ ಆರಾಮೇನು ಎಂದು ಅಕ್ಕನ ಗಂಡನನ್ನು ಕೂಗಿ ಕೇಳಿ, ಇನ್ನೊಂದು ಊರಿನಲ್ಲಿ ಆಕಳು ಈಯುತ್ತಿದೆ ಎಂದು ಹೊರಟುಬಿಡುತ್ತಿದ್ದೆ. ಎಲ್ಲ ಸಲವೂ ಆಕಳು ಈಯುತ್ತಿರಲಿಲ್ಲ.

ಒಂದು ಪಂಚಮಿಗೆ ಅಕ್ಕ ಹೋಳಿಗೆ ಮಾಡಿಟ್ಟು, ಹಾಸಿಗೆ ಕೊಡವಿಟ್ಟು ಕಾದಿದ್ದಳು. ನಾನು ಗಾಡಿಯಿಂದ ಇಳಿಯಲೇ ಇಲ್ಲ. ಅಕ್ಕ ನನ್ನನ್ನೂ ಇಂಜಿನನ್ನೂ ನೋಡಿ, “ಇನ್ ಮ್ಯಾಲೆ ನಾ ಇರು ಅನ್ನೂದಿಲ್ಲ ಬಿಡು ತಮ್ಮಾ,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ಮರೆಯುತ್ತಿದ್ದೆನೋ ಏನೋ. ತಣ್ಣಗೆ ಹೇಳಿದಳು. ಮುಂದೆ ಹದಿನಾಲ್ಕು ವರ್ಷ ಆ ಮಾತನ್ನು ನಡೆಸಿದಳು. ಹನುಮಪ್ಪನ ಗುಡಿಯ ತಿರುವಿನಲ್ಲಿ ನನ್ನ ಗಾಡಿಯ ಸಪ್ಪಳ ಕೇಳಿದ ಕೂಡಲೇ ಚಹಾ ಒಲೆಯ ಮೇಲಿಡುತ್ತಿದ್ದಳು. ನಾನು ಬ್ರೇಕ್ ಹಾಕುವ ಹೊತ್ತಿಗೆ ಸ್ಟೀಲಿನ ಲೋಟ ಹಿಡಿದು ಬಾಗಿಲಾಚೆ ನಿಂತಿರುತ್ತಿದ್ದಳು. ಒಳಗೆ ಬಾ ಎನ್ನುತ್ತಿರಲಿಲ್ಲ. ಅಕ್ಕ ಎಷ್ಟು ಚುರುಕು ಎಂದು ನಾನು ಶಾಂತಾಳ ಮುಂದೆ ಹೊಗಳುತ್ತಿದ್ದೆ. ಅದು ಚುರುಕಲ್ಲ, ನನಗೆ ಹಾಕಿದ ಶಿಕ್ಷೆ ಎಂದು ತಿಳಿಯಲು ನನಗೆ ನಿವೃತ್ತಿಯಾಗಬೇಕಾಯಿತು. ತಿಳಿದ ಮೇಲೆ ಮನಸ್ಸಿಗೆ ಬಹಳ ಕೆಟ್ಟದೆನಿಸಿತು. ಅವಳು ಇನ್ನೊಮ್ಮೆ ಇರು ಎಂದರೆ ಸಾಕಿತ್ತು. ಅವಳು ಅನ್ನುವವಳಲ್ಲ, ನಾನಾಗಿಯೇ ಇರುತ್ತೇನೆ ಎನ್ನಲು ನನಗೂ ನಾಚಿಕೆ.

ಈ ಸಲದ ಪಂಚಮಿಗೆ ಸ್ಕೂಟರಿನಲ್ಲಿ ಹೊರಟೆ. ಎಪ್ಪತ್ತೆರಡು ಕಿಲೋಮೀಟರು, ಇಡೀ ದಾರಿ ಎದುರುಗಾಳಿ. ಹುಬ್ಬಳ್ಳಿಯವರೆಗೆ ಗಾಳಿ ತಪ್ಪಿಸಲು ಹೊಟ್ಟು ತುಂಬಿದ ಟ್ರ್ಯಾಕ್ಟರಿನ ಬೆನ್ನು ಹಿಡಿದೆ. ಡ್ರೈವರ್ ಎರಡು ಸಲ ತಿರುಗಿ ನೋಡಿ, ಮೂರನೆಯ ಸಲ ನಿಲ್ಲಿಸಿ, “ಯಾಕ್ರಿ ಯಜಮಾನ್ರ, ಏನರ ಬಾಕಿ ಐತೇನ್ರಿ ನನ್ನ ಕಡೆ?” ಎಂದು ಕೇಳಿದ. ಹುಬ್ಬಳ್ಳಿಯ ಚಾರ್ಜಿಂಗ್ ಸ್ಟೇಶನ್ನಿನಲ್ಲಿ ಇಬ್ಬರು ಸರದಿಯಲ್ಲಿ ನಿಂತಿದ್ದರು. ಒಂದು ತಾಸು ಕಾಯಬೇಕಿತ್ತು. ಹಳೆಯ ಚಟ ಎಲ್ಲಿ ಬಿಡುತ್ತದೆ? ಕಾಯದೆ ಹೊರಟೆ. ಕಲಘಟಗಿಯ ಏರುಗಳಲ್ಲಿ ಅಂಕಿ ಇಳಿಯುವುದನ್ನು ನೋಡುತ್ತ, ನಮ್ಮ ಗಾಡಿಗೂ ನಮಗೂ ನಂಬಿದ ದೇವರೇ ಗತಿ ಎನ್ನುತ್ತ ದುಮ್ಮವಾಡ ಮುಟ್ಟಿದಾಗ ಉಳಿದದ್ದು ಒಂಬತ್ತು. ಜಿಟಿಜಿಟಿ ಮಳೆ ಹಿಡಿದಿತ್ತು.

ಅಕ್ಕ ಕಟ್ಟೆಯ ಮೇಲೆ ಕುಳಿತು ಅಕ್ಕಿ ಆರಿಸುತ್ತಿದ್ದಳು. ನಾನು ಎದುರಿಗೆ ನಿಂತಾಗ ಬೆಚ್ಚಿದಳು.

“ಯಾವಾಗ ಬಂದ್ಯೋ? ಸಪ್ಪಳನ ಇಲ್ಲಲ್ಲ!”

ಹೇಳಿ ಅಡುಗೆಮನೆಯ ಕಡೆ ನೋಡಿದಳು, ತನ್ನ ಕೈ ನೋಡಿಕೊಂಡಳು. ಕೈಯಲ್ಲಿ ಲೋಟವಿರಲಿಲ್ಲ. ಕರೆಂಟಿನ ಗಾಡಿಗೆ ಸಪ್ಪಳವಿಲ್ಲ. ಗುಡಿಯ ತಿರುವು ಅವಳಿಗೆ ಸುದ್ದಿ ಮುಟ್ಟಿಸಿರಲಿಲ್ಲ.

“ಅಕ್ಕಾ, ಗಾಡಿ ಚಾರ್ಜಿಗೆ ಹಾಕಬೇಕು. ಖಾಲಿ ಆಗೇತಿ,” ಎಂದೆ.

“ಕರೆಂಟ್ ಇಲ್ಲ. ಲೈನಿನ ಕೆಲಸಾ ನಡದೈತಿ. ಸಂಜೀಕ ಬರ್ತೈತಿ ಅಂದಾರ.” ಮೊರ ಬದಿಗಿಟ್ಟು, “ಚಹಾ ಮಾಡ್ತೀನಿ. ಕುಂಡ್ರು,” ಎಂದಳು.

ಅಲ್ಲಿಯ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನ ಕಟ್ಟುವ ಜಾಗ, ಅದರಾಚೆ ಎತ್ತರದಲ್ಲಿ ಮನುಷ್ಯರಿರುವ ಪಡಸಾಲೆ. ಮಳೆಯಲ್ಲಿ ಗಾಡಿ ಹೊರಗೆ ಬಿಡುವಂತಿರಲಿಲ್ಲ. ಅಕ್ಕನ ಸೊಸೆ ರೇಣುಕಾ ಬಂದು ಕೈಹಚ್ಚಿದಳು. ಇಬ್ಬರೂ ಸ್ಕೂಟರನ್ನು ಒಳಗೆ ತಂದು ಜರ್ಸಿ ಆಕಳ ಪಕ್ಕದಲ್ಲಿ ನಿಲ್ಲಿಸಿದೆವು. ಮೇವು ಕತ್ತರಿಸುವ ಮಶೀನಿನ ದೊಡ್ಡ ಪ್ಲಗ್ಗು ಅಲ್ಲೇ ಗೋಡೆಗಿತ್ತು. ಆಕಳು ಹೊಸ ಜೊತೆಯನ್ನು ಮೂಸಿ ನೋಡಿ, ಸೀಟು ನೆಕ್ಕಿ, ಉಪ್ಪಿಲ್ಲವೆಂದು ಬಿಟ್ಟಿತು.

ಚಹಾ ಆಯಿತು, ಊಟವಾಯಿತು. ನಾನು ಕುಳಿತೇ ಇದ್ದೆ, ಆದರೆ ಕುಳಿತವನ ಹಾಗಲ್ಲ. ಐದೈದು ನಿಮಿಷಕ್ಕೆ ಮೇಲಿನ ಬಲ್ಬು ನೋಡುವುದು, ಫೋನಿನಲ್ಲಿ ಗಂಟೆ ನೋಡುವುದು.

“ಅದರ ಮಾರಿ ನೋಡಿದ್ರ ಕರೆಂಟ್ ಬರ್ತೈತೇನ?” ಎಂದಳು ಅಕ್ಕ.

ಐದು ಗಂಟೆ ದಾಟಿದ ಮೇಲೆ ಬಲ್ಬು ಹತ್ತಿತು. ಓಡಿಹೋಗಿ ಚಾರ್ಜರು ಚುಚ್ಚಿದೆ. ಐವತ್ತಾದರೆ ಸಾಕು, ಗಾಳಿ ಬೆನ್ನಿಗಿದೆ, ಹುಬ್ಬಳ್ಳಿ ಮುಟ್ಟಬಹುದು, ಅಲ್ಲಿ ಈ ಸಲ ಕಾಯೋಣ ಎಂದು ಲೆಕ್ಕ ಹಾಕಿದೆ. ಬರುತ್ತೇನೆ ಎಂದು ಶಾಂತಾಳಿಗೆ ಫೋನೂ ಮಾಡಿದೆ. ಅಕ್ಕ ಕೇಳಿಸಿಕೊಂಡು, ದೀಪದ ಬತ್ತಿ ಹೊಸೆಯತೊಡಗಿದಳು. ಅಷ್ಟರಲ್ಲಿ ಡಾಕ್ಟರು ಬಂದಿದ್ದಾರೆಂದು ಎದುರು ಮನೆಯವರು ತಮ್ಮ ಎತ್ತಿನ ಗೊರಸು ತೋರಿಸಲು ಕರೆದರು.

ತಿರುಗಿ ಬಂದಾಗ ದೇವರ ಮುಂದೆ ದೀಪ ಹಚ್ಚಿಯಾಗಿತ್ತು, ಊದಿನಕಡ್ಡಿಯ ವಾಸನೆ ಬರುತ್ತಿತ್ತು. ಮೀಟರು ನೋಡಿದೆ. ನಲವತ್ತೊಂದು. ಚಾರ್ಜರಿನ ದೀಪ ಆರಿತ್ತು. ಪಡಸಾಲೆಯಲ್ಲಿ ಬಲ್ಬು ಉರಿಯುತ್ತಲೇ ಇತ್ತು. ಯಾರೋ ಸ್ವಿಚ್ ಬಂದ್ ಮಾಡಿದ್ದರು.

“ಯಾರು ಬಂದ್ ಮಾಡಿದ್ರಿ ಇದನ್ನ?”

“ನಾನ,” ಎಂದಳು ಅಕ್ಕ, ದೇವರ ಕಡೆಯಿಂದ ಬರುತ್ತ.

“ಯಾಕಕ್ಕಾ? ನಾ ಹೋಗಬೇಕಲ್ಲ!”

“ದೀಪಾ ಹಚ್ಚೂ ಹೊತ್ತು. ಈ ಹೊತ್ತಿನ್ಯಾಗ ಮನಿಯಿಂದ ಏನೂ ಹೊರಗ ಕೊಡಬಾರ್ದು. ಉಪ್ಪು ಕೊಡೂದಿಲ್ಲ, ಮಸರು ಕೊಡೂದಿಲ್ಲ. ಕರೆಂಟ್ ಹೆಂಗ ಕೊಡ್ಲಿ?”

ರೇಣುಕಾ ಒಳಗಿನಿಂದ ನಕ್ಕಳು. “ಅತ್ತಿ, ಕರೆಂಟ್ ಮಸರೇನ್ರಿ?”

“ಮನ್ಯಾಂದು ಹೌದಿಲ್ಲೋ? ಗಾಡ್ಯಾಗ ತುಂಬ್ಕೊಂಡು ಹೊರಗ ಹೊಂಟೈತಿಲ್ಲೋ? ಅಷ್ಟ ಮತ್ತ.”

ನಾನು ವಿಜ್ಞಾನ ಓದಿದವನು. ವಾದ ಹೂಡಲು ಬಾಯಿ ತೆರೆದೆ. ಆದರೆ ಅಕ್ಕನ ತರ್ಕದಲ್ಲಿ ತೂತು ಸಿಗಲಿಲ್ಲ. ಆಗ ಮಲ್ಲವ್ವನ ಕರು ನೆನಪಾಯಿತು.

“ಅಕ್ಕಾ, ಮಲ್ಲವ್ವಗ ದೀಪದ ಹೊತ್ತಿನ್ಯಾಗ ಟಾರ್ಚ್ ಕೊಟ್ಟಿದ್ದಿಲ್ಲೇನು?”

“ಕೊಟ್ಟಿದ್ದಿಲ್ಲ. ನಾ ಹಿಡ್ಕೊಂಡು ಹೋಗಿದ್ದೆ. ಮನ್ಯಾವ್ರ ಕೈಯಾಗ ಇತ್ತು, ಮನಿಗೇ ಬಂತು.” ಅಕ್ಕ ಸ್ವಿಚ್ಚಿನ ಹತ್ತಿರ ಬಂದು ನಿಂತಳು. ನನ್ನ ಮುಖ ನೋಡಲಿಲ್ಲ, ಆಕಳ ಕಡೆ ನೋಡುತ್ತ ಹೇಳಿದಳು: “ಹೊರಗ ಹೋಗಾವ್ರಿಗೆ ಕೊಡಾಕ ಬರೂದಿಲ್ಲ. ನೀ ಇವತ್ತ ಇಲ್ಲೇ ಇರಾಂವ ಅಂದ್ರ, ಕರೆಂಟೂ ಮನ್ಯಾಗ ಇದ್ದಂಗ. ಹೇಳು. ಹಚ್ಚಲೋ ಬ್ಯಾಡೋ?”

ಇರು ಎಂದು ಅವಳು ಅನ್ನಲಿಲ್ಲ, ನೋಡಿ. ಹದಿನಾಲ್ಕು ವರ್ಷದ ಮಾತನ್ನು ಅವಳು ಮುರಿಯಲಿಲ್ಲ. ಸ್ವಿಚ್ಚಿನ ಮೇಲೆ ಬೆರಳಿಟ್ಟು, ಹಚ್ಚಲೋ ಬೇಡವೋ ಎಂದಷ್ಟೇ ಕೇಳಿದಳು. ಇಷ್ಟು ವರ್ಷ ಇವಳನ್ನು ಬಾಗಿಲಲ್ಲಿ ನಿಲ್ಲಿಸಿದ್ದೆನಲ್ಲ ಎಂದು ನನ್ನ ಮೇಲೇ ನನಗೆ ಸಿಟ್ಟು ಬಂತು.

“ಹಚ್ಚಕ್ಕಾ,” ಎಂದೆ. “ಇರ್ತೀನಿ.”

ಅಕ್ಕ ಸ್ವಿಚ್ ಒತ್ತಿದಳು. ಚಾರ್ಜರಿನ ಕೆಂಪು ದೀಪ ಹತ್ತಿತು. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಶುರುವಾಯಿತು. ನಾನು ಚಪ್ಪಲಿ ಬಿಟ್ಟು, ಕೈಕಾಲು ತೊಳೆದು, ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತೆ. ಮೀಟರು ನೋಡಲು ಮತ್ತೆ ಏಳಲಿಲ್ಲ. ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದಾಗ ಶಾಂತಾ, “ಅಂತೂ ಗಾಡಿ ನಿಮ್ಮನ್ನ ಕುಂಡ್ರಿಸಿತು,” ಎಂದು ನಕ್ಕಳು. ಗದ್ದೆಯಿಂದ ಮಾವ ಬಂದರು. ಸೆಲ್ಲು ಕಚ್ಚುತ್ತಿದ್ದ ಕಥೆಯನ್ನು ನಾನು ರೇಣುಕಾಳಿಗೆ ಹೇಳಿದೆ. ಅಕ್ಕ ಒಳಗಿನಿಂದ, “ಸುಳ್ಳ ಹೇಳತಾನ, ಕಚ್ಚತಿದ್ದಾಂವ ಇವನ,” ಎಂದಳು. ಈಗಲೂ ಆ ವಿಷಯ ಇತ್ಯರ್ಥವಾಗಿಲ್ಲ.

ಬೆಳಿಗ್ಗೆ ಎರಡು ಸಲ ಚಹಾ ಆಯಿತು, ಎರಡೂ ಒಳಗೇ. ನನ್ನ ಡಬ್ಬಿ ಖಾಲಿ ಮಾಡಿ ತನ್ನ ಮನೆಯ ಉಂಡಿ ತುಂಬಿ ಚೀಲದಲ್ಲಿಟ್ಟಳು. ಮಳೆ ನಿಂತು ಗಾಳಿ ಅಣ್ಣಿಗೇರಿಯ ಕಡೆ ಬೀಸುತ್ತಿತ್ತು. ಗಾಡಿ ಹೊರಗೆ ತಂದಾಗ ಅಕ್ಕ ಬಾಗಿ ಮೀಟರು ನೋಡಿದಳು.

“ನೂರು ಅಂದ್ರ ತುಂಬೇತಿ ಅಂತಲ್ಲ?”

“ಹೌದಕ್ಕಾ. ಪೂರ್ತಿ.”

“ನಿನ್ನೆ ಎಷ್ಟಿತ್ತು ಬಂದಾಗ?”

“ಒಂಬತ್ತು.”

ಅಕ್ಕ ಸೀಟಿನ ಮೇಲೆ ಆಕಳು ನೆಕ್ಕಿದ್ದ ಗುರುತನ್ನು ಸೆರಗಿನಿಂದ ಒರೆಸಿದಳು.

“ಮುಂದಿನ ಸಲ ಆ ಒಂಬತ್ತೂ ಇಟ್ಕೋಬ್ಯಾಡ,” ಎಂದಳು. “ಪೂರ್ತಿ ಖಾಲಿ ಮಾಡ್ಕೊಂಡ ಬಾ.”